ಎಡಗಿವಿಯ ಸುದ್ದಿ

ಎರಡು ದೋಣಿಯಲ್ಲಿ ಕಾಲಿಡಬಾರದು ಎಂದು ಹಿರಿಯರು ಹೇಳಿದ್ದು ಸರಿಯೇ. ಆದರೆ ಎರಡೂ ದೋಣಿ ಒಂದೇ ಹೊಳೆಯಲ್ಲಿದ್ದರೆ ತಾನೆ ಆ ಮಾತು? ತನ್ನವು ಬೇರೆ ಬೇರೆ ಹೊಳೆಯಲ್ಲಿವೆ ಎಂದು ಡಾಕ್ಟರಮ್ಮ ನಂಬಿದ್ದಳು. ನಂಬಿಕೊಂಡು ಒಂಬತ್ತು ವರ್ಷ ಹಾಯಾಗಿಯೂ ಇದ್ದಳು.

ಹಗಲಿನಲ್ಲಿ ಅವಳು ಆಸ್ಪತ್ರೆಯ ಮೊದಲನೇ ಮಹಡಿಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವಳು. ಹಾಗೆ ನೋಡಿದರೆ ಮದ್ದು ಬರೆಯುವ ಡಾಕ್ಟರಲ್ಲ, ಆಡಿಯಾಲಜಿಸ್ಟ್. ಆ ಪದಕ್ಕೆ ಯಾರ ನಾಲಿಗೆಯೂ ಹೊರಳದ್ದರಿಂದ ಜವಾನನಿಂದ ಹಿಡಿದು ರೋಗಿಗಳವರೆಗೆ ಎಲ್ಲರಿಗೂ ಡಾಕ್ಟರಮ್ಮ. ಸಂಜೆ ಮನೆಗೆ ಬಂದು ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಅವಳೇ ಯಜಮಾನ್ರು. ‘ಮೆಟ್ಟಿಲ ಕೆಳಗಿನ ಮನೆ’ ಎಂಬ ಹಳೆಯ ರೇಡಿಯೋ ಧಾರಾವಾಹಿಯ ಅಭಿಮಾನಿಗಳಿಗೆಂದು ಅವಳೊಂದು ವೆಬ್‌ಸೈಟ್ ನಡೆಸುತ್ತಿದ್ದಳು. ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಬಾಡಿಗೆಗಿದ್ದ ಸಂಸಾರದ ಕಥೆ ಅದು. ತಲೆಯ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿದ ಕೂಡಲೇ ಹತ್ತುತ್ತಿರುವವರು ಯಾರು, ಅವರ ಮನಸ್ಸಿನಲ್ಲಿ ಏನಿದೆ ಎಂದು ಮನೆಯವರು ಊಹಿಸುವುದರಿಂದ ಪ್ರತಿ ಕಂತೂ ಶುರುವಾಗುತ್ತಿತ್ತು. ರೇಡಿಯೋದವರು ಅದರ ಟೇಪುಗಳನ್ನು ಎಂದೋ ಅಳಿಸಿ ಅವುಗಳ ಮೇಲೆ ಯಾರದೋ ಭಾಷಣ ತುಂಬಿದ್ದರು, ಪುಣ್ಯಾತ್ಮರು. ಉಳಿದದ್ದು ಕೇಳುಗರು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಕ್ಯಾಸೆಟ್ಟುಗಳು ಮಾತ್ರ. ಅವನ್ನು ಹುಡುಕಿ ತರಿಸುವುದು, ಗೊರಗೊರ ಸದ್ದಿನ ನಡುವೆ ಮಾತು ಹೆಕ್ಕಿ ಅಕ್ಷರಕ್ಕಿಳಿಸುವುದು, ಇದೇ ಆ ಸೈಟಿನವರ ಹುಚ್ಚು.

ಸೊಸೆ ಸೈಟ್ ಮಾಡಿದ್ದಾಳೆ ಎಂಬ ಮಾತು ಕಿವಿಗೆ ಬಿದ್ದಾಗ ಅತ್ತೆ ಖುಷಿಯಿಂದ, ಎಷ್ಟು ಅಡಿ, ಮೂಲೆಯದ್ದಾ ಎಂದು ವಿಚಾರಿಸಿದ್ದರು. ವಿಷಯ ತಿಳಿದ ಮೇಲೆ, ಕಟ್ಟೋಕೂ ಆಗದ್ದು ಮಾರೋಕೂ ಆಗದ್ದು ಅದ್ಯಾವ ಸೀಮೆ ಸೈಟು ಎಂದು ಮುಖ ಸಿಂಡರಿಸಿದ್ದರು. ಮನೆಯಾಚೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಕೆಲಸದಲ್ಲಿ ಹೇಗೋ ಬಯಲಾಗಿ, ಅವಳು ಸ್ವಲ್ಪ ತಡವಾಗಿ ಬಂದರೂ ಮೆಟ್ಟಿಲ ಕೆಳಗೇ ಮಲಗಿಬಿಟ್ಟಿರಾ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಮೇಲಧಿಕಾರಿಯಂತೂ ಆಸ್ಪತ್ರೆಯ ಹೊತ್ತಿನಲ್ಲಿ ಇದೇ ಕೆಲಸವೋ ಎಂದು ಕರೆಸಿ ಕೂರಿಸಿ ವಿಚಾರಣೆ ಮಾಡಿದ್ದ. ಅಂದಿನಿಂದ ಫೋನು ಎರಡು, ಇಮೇಲು ಎರಡು, ಬಾಯಿಗೆ ಬೀಗ. ಸೈಟಿನವರೆಲ್ಲ ಯಜಮಾನ್ರು ಎಂದರೆ ಮೀಸೆಯ ಯಾರೋ ಹಿರಿಯರು ಎಂದುಕೊಂಡಿದ್ದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆ ಸೈಟಿಗೆ ಕಳಶವಿದ್ದಂತೆ ಇದ್ದವರು ಕಿವಿಯಜ್ಜ. ಬೇರೆಯವರಿಗೆ ಬರೀ ಕರಕರ ಎನ್ನುವ ಟೇಪಿನಲ್ಲಿ ಅವರಿಗೆ ಪಾತ್ರೆ ಇಟ್ಟ ಸದ್ದು, ಸೆರಗು ಸರಿಸಿದ ಸದ್ದು ಎಲ್ಲ ಕೇಳಿಸುತ್ತಿತ್ತು. ಹೆಸರು ಕೊಟ್ಟವರು ಸೈಟಿನವರೇ. ಅವರ ಮುಖ ಯಾರೂ ಕಂಡಿರಲಿಲ್ಲ. ಆದರೆ ಯಜಮಾನ್ರಿಗೆ ಅವರು ಬರೆಯದ ವಿಷಯವಿರಲಿಲ್ಲ. ಹೆಂಡತಿ ತೀರಿಕೊಂಡಾಗ, ಮನೆಗೆ ಬಂದವರ ಮುಂದೆಲ್ಲ ಕಲ್ಲಿನ ಹಾಗೆ ಕೂತಿದ್ದೆ, ನಿಮಗೆ ಬರೆಯುವಾಗ ಕಣ್ಣು ಒದ್ದೆಯಾಯಿತು ಎಂದು ಬರೆದಿದ್ದರು. ಡಾಕ್ಟರಮ್ಮ ಅದನ್ನೋದಿ ಅಡುಗೆಮನೆಗೆ ಹೋಗಿ ಅತ್ತು ಬಂದಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಬಸ್ ಡಿಪೋದ ನಿವೃತ್ತ ಗುಮಾಸ್ತರೊಬ್ಬರು ಮಗಳನ್ನು ಕರೆದುಕೊಂಡು ಅವಳ ಕೋಣೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮಗಳು ಔಷಧದ ಅಂಗಡಿ ನಡೆಸುವವಳು, ಚುರುಕು ಮಾತಿನವಳು. ಅಪ್ಪನಿಗೆ ಕರೆಗಂಟೆ ಕೇಳಿಸುವುದಿಲ್ಲ, ಮೊಮ್ಮಗಳು ಮಾತಾಡಿದರೆ ಸುಮ್ಮನೆ ತಲೆಯಾಡಿಸುತ್ತಾರೆ ಎಂದು ಅವಳೇ ಹೇಳಿದಳು. ಎಲ್ಲಿ ತುಂಬ ಕಷ್ಟವಾಗುತ್ತದೆ ಎಂದು ಕೇಳಿದ್ದಕ್ಕೆ ಮುದುಕರು ಒಂದು ಹಳೆಯ ಟೇಪು ಎಂದರು. ಟೇಪು ಎಂದದ್ದೇ ಧಾರಾವಾಹಿ ಬಂತು, ಧಾರಾವಾಹಿಯ ಹಿಂದೆ ಸೈಟು ಬಂತು. ಅಲ್ಲಿ ತನ್ನನ್ನು ಕಿವಿಯಜ್ಜ ಎನ್ನುತ್ತಾರೆ ಎಂದು ನಾಚಿಕೊಂಡೇ ಹೇಳಿದರು. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು.

ಆಗಲೇ ಹೇಳಿಬಿಡಬಹುದಿತ್ತು. ಇಲ್ಲವೇ ಪಕ್ಕದ ಕೋಣೆಯ ಸಹೋದ್ಯೋಗಿಗೆ ಒಪ್ಪಿಸಬಹುದಿತ್ತು. ಎರಡನ್ನೂ ಮಾಡದೆ ಅವಳು ಅವರನ್ನು ಸದ್ದು ಹೊಗದ ಪುಟ್ಟ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ತೊಡಿಸಿದಳು. ಸದ್ದು ಕೇಳಿದ ಕೂಡಲೇ ಒತ್ತಿ ಎಂದು ಗುಂಡಿ ಕೊಟ್ಟಳು. ಗಾಜಿನ ಆಚೆ ಮುದುಕರು ಕಣ್ಣು ಮುಚ್ಚಿ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಉಸಿರು ಬಿಗಿಹಿಡಿದು ಕೂತರು. ಅವಳು ಎಡಗಿವಿಗೆ ಸಣ್ಣ ಸದ್ದು ಕಳಿಸುತ್ತಲೇ ಹೋದಳು, ಅವರ ಬೆರಳು ಅಲುಗಲಿಲ್ಲ. ಬಲಗಿವಿಯೂ ಮಂದವೇ, ಆದರೂ ಗಟ್ಟಿಯಾಗಿ ಹೇಳಿದ್ದು ಕೇಳಿಸುವಷ್ಟು ಉಳಿದಿತ್ತು. ಎಡಗಿವಿಗೆ ಹೆಂಗಸರ, ಮಕ್ಕಳ ಸಣ್ಣ ದನಿಗಳು ತಲುಪುತ್ತಲೇ ಇರಲಿಲ್ಲ. ಕಿವಿಗೆ ಮಿಷನ್ ಬೇಕು ಎಂದಾಗ ಅವರು ಮಗಳನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿಸಿದರು.

"ಕೊನೇ ಕಂತಿನ ಟೇಪು ಸಿಕ್ಕಿದೆ ಡಾಕ್ಟ್ರೇ. ನಮ್ಮ ಯಜಮಾನ್ರು ನನಗೇ ಅಂತ ಕೊಟ್ಟಿದಾರೆ. ಅದೊಂದನ್ನ ನನ್ನ ಸ್ವಂತ ಕಿವೀಲೇ ಮುಗಿಸ್ತೀನಿ, ಆಮೇಲೆ ಮಿಷನ್ ಹಾಕಿ. ಈ ಸುದ್ದಿ ಈ ಕೋಣೆಯಿಂದ ಆಚೆ ಹೋಗಲ್ಲ ಅಲ್ವಾ?"

ಹೋಗುವುದಿಲ್ಲ ಎಂದು ಅವಳು ಮಾತು ಕೊಟ್ಟಳು. ಅದು ಅವಳ ವೃತ್ತಿಯ ಧರ್ಮವೂ ಹೌದು.

ಸೈಟಿನಲ್ಲಿ ಕಿವಿಯಜ್ಜ ಬರೆದ ಕೊನೇ ಕಂತು ಸ್ವಲ್ಪಸ್ವಲ್ಪವಾಗಿ ಬರತೊಡಗಿತು. ನಡುನಡುವೆ ಬಿಟ್ಟ ಜಾಗಗಳು, ತಾಯಿಯ ಮಾತು ಅಪ್ಪನ ಬಾಯಲ್ಲಿ, ಮಗುವಿನ ಮಾತು ಪತ್ತೆಯೇ ಇಲ್ಲ. ಮೆಣಸಿನಕಾಯಿ ಎಂಬ ಹೆಸರಿನ ಸದಸ್ಯನೊಬ್ಬನಿದ್ದ, ಹೆಸರಿಗೆ ತಕ್ಕ ಬಾಯಿ. ಅವನು ತಪ್ಪುಗಳನ್ನು ಸಾಲಾಗಿ ಹಾಕಿ, ಅಜ್ಜ ಟೇಪು ಹಾಕದೇ ಕೇಳಿದ್ರಾ ಎಂದು ಎಲ್ಲರೆದುರು ಕೇಳಿಬಿಟ್ಟ. ನಾಲ್ಕು ಜನ ನಕ್ಕರು. ಕಿವಿಯಜ್ಜ ಮಾತ್ರ, ಇನ್ನೊಮ್ಮೆ ಕೇಳಿ ತಿದ್ದುತ್ತೇನೆ ಎಂದು ಬರೆದರು. ಮತ್ತೆ ಕೇಳಿ ಮತ್ತೆ ತಪ್ಪಿದರು.

ಡಾಕ್ಟರಮ್ಮ ಇದನ್ನೆಲ್ಲ ಓದುತ್ತಲೇ ಇದ್ದಳು. ಎಲ್ಲ ಗೊತ್ತಿದ್ದೂ ನೋಡುತ್ತ ಕೂರುವುದು ಇದೆಯಲ್ಲ, ಅದರಂಥ ಹಿಂಸೆ ಇನ್ನೊಂದಿಲ್ಲ. ಕೊನೆಗೆ ತಡೆಯಲಾರದೆ, ಯಜಮಾನ್ರ ಹೆಸರಿನಲ್ಲಿ ಅವರಿಗೊಬ್ಬರಿಗೇ ಒಂದು ಸಂದೇಶ ಬರೆದಳು. ಈ ಕಂತನ್ನು ಬೇರೆಯವರು ಮುಗಿಸಲಿ, ನೀವು ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ, ಎಡಗಿವಿಗೆ ಹೆಡ್‌ಫೋನ್ ಒತ್ತಿಕೊಂಡು ಸುಮ್ಮನೆ ಆಯಾಸ ಮಾಡಿಕೊಳ್ಳಬೇಡಿ, ಬಲಗಿವಿಯನ್ನೇ ಬಳಸಿ. ದಿನಕ್ಕೆ ಹತ್ತು ರೋಗಿಗಳಿಗೆ ಹೇಳುವ ಮಾತು, ಕೈ ತನ್ನಷ್ಟಕ್ಕೇ ಬರೆಯಿತು. ಕಳಿಸಿ, ಒಳ್ಳೆಯದನ್ನೇ ಮಾಡಿದೆ ಎಂಬ ನೆಮ್ಮದಿಯಲ್ಲಿ ಪಾತ್ರೆ ತೊಳೆಯಲು ಎದ್ದಳು.

ಉತ್ತರ ಬರಲಿಲ್ಲ. ಮರುದಿನವೂ ಇಲ್ಲ, ಆ ವಾರವೂ ಇಲ್ಲ. ಬೇಜಾರಾಗಿರಬೇಕು, ಸರಿಹೋಗುತ್ತಾರೆ ಎಂದುಕೊಂಡಳು.

ಸರಿಹೋಗಲಿಲ್ಲ. ಒಂದು ಮಧ್ಯಾಹ್ನ ಮಗಳೊಬ್ಬಳೇ ಆಸ್ಪತ್ರೆಗೆ ಬಂದಳು. ಮೊದಲ ದಿನದ ಚುರುಕು ಎಲ್ಲಿ ಹೋಯಿತೋ, ಕಣ್ಣ ಕೆಳಗೆ ಕಪ್ಪಾಗಿತ್ತು. ಅಪ್ಪ ತನ್ನ ಜೊತೆ ಮಾತು ಬಿಟ್ಟಿದ್ದಾರೆ, ತಾನು ಬಡಿಸಿದರೆ ತಟ್ಟೆ ಮುಟ್ಟುವುದಿಲ್ಲ, ತನಗೆ ತಾನೇ ಏನೋ ಬೇಯಿಸಿಕೊಳ್ಳುತ್ತಾರೆ ಎಂದಳು. ಆ ಸೈಟಿನ ಯಜಮಾನನಿಗೆ ಅವರ ಎಡಗಿವಿಯ ವಿಷಯ ಗೊತ್ತಾಗಿದೆಯಂತೆ. ಹಿಂದೊಮ್ಮೆ ಸಿಟ್ಟಿನಲ್ಲಿ, ನಿಮ್ಮ ಯಜಮಾನ್ರಿಗೇ ಬರೆದು ಈ ಹುಚ್ಚು ಬಿಡಿಸ್ತೀನಿ ಎಂದು ಅವಳು ಅಂದದ್ದೂ ಉಂಟು. ಆಡಿದ ಮಾತು, ಒಡೆದ ಮುತ್ತು. ಈಗ ಬರೆದವಳು ಅವಳೇ ಎಂದು ಅಪ್ಪ ತೀರ್ಮಾನ ಮಾಡಿ ಕೂತಿದ್ದರು.

"ನನ್ನಾಣೆ ನಾನು ಬರೆದಿಲ್ಲ ಮೇಡಂ. ಕಿವಿ ವಿಷಯ ಗೊತ್ತಿದ್ದದ್ದು ನನಗೆ, ನಿಮಗೆ, ಇಬ್ಬರಿಗೇ. ನೀವಂತೂ ಹೇಳೋರಲ್ಲ. ಅಮ್ಮ ಹೋದಾಗ್ಲೂ ಅಪ್ಪ ನನ್ನ ಹೀಗೆ ದೂರ ಮಾಡಿರಲಿಲ್ಲ. ನಾನು ಬರೆದಿಲ್ಲ ಅಂತ ನೀವಾದ್ರೂ ಅವರಿಗೆ ಹೇಳ್ತೀರಾ?"

ನೀವಂತೂ ಹೇಳೋರಲ್ಲ! ಡಾಕ್ಟರಮ್ಮ ನೋಡೋಣ ಎಂದೇನೋ ತೊದಲಿ ಅವಳನ್ನು ಕಳಿಸಿದಳು. ಮನೆಗೆ ಹೋಗಿ ತಾನು ಬರೆದದ್ದನ್ನು ಮತ್ತೆ ಓದಿದಳು. ಎಡಗಿವಿ ಎಂಬ ಪದ ಅಲ್ಲಿ ಕೂತು ಅವಳನ್ನೇ ನೋಡುತ್ತಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೊದಲು ಒಂದು ಉಪಾಯ ಹೂಡಿದಳು. ಯಜಮಾನ್ರಾಗಿಯೇ ಕಿವಿಯಜ್ಜನಿಗೆ ಬರೆದಳು: ನಿಮ್ಮ ಮಗಳು ನನಗೇನೂ ಹೇಳಿಲ್ಲ, ನಾನೇ ಊಹೆಯಿಂದ ಬರೆದೆ. ಎಷ್ಟೋ ದಿನದ ಮೇಲೆ ಅವರಿಂದ ಎರಡು ಸಾಲು ಬಂತು. ನೀವು ದೊಡ್ಡವರು, ನನ್ನ ಮಗಳ ಮಾನ ಕಾಯಲು ಹೀಗೆ ಹೇಳುತ್ತೀರಿ, ಆದರೆ ಊಹೆಗೆ ಎಡ ಬಲ ತಿಳಿಯುವುದಿಲ್ಲ. ನಾನು ಮಗಳಿಗೆ ಪರೀಕ್ಷೆಯನ್ನು ಯಾರಿಗೂ ಹೇಳಬೇಡ ಎಂದಿದ್ದೆ, ಅವಳು ನನ್ನ ಮುಪ್ಪನ್ನು ಬೀದಿಗಿಟ್ಟಳು. ಮೊಸರಲ್ಲಿ ಕಲ್ಲು ಹುಡುಕುವವರಲ್ಲ ಕಿವಿಯಜ್ಜ. ಹಲ್ಲಿಗೆ ಸಿಕ್ಕ ಕಲ್ಲನ್ನು ನುಂಗಿಕೊಂಡು ಸುಮ್ಮನಿರುವವರೂ ಅಲ್ಲ.

ಗಂಡನಿಗೆ ಎಲ್ಲ ಹೇಳಿದಳು. ನಿಜ ಹೇಳಿದರೆ ಆ ಮುದುಕರು ದೂರು ಕೊಡಬಹುದು, ರೋಗಿಯ ಗುಟ್ಟು ಹೊರಗೆ ಬಿಟ್ಟವಳು ಎಂದು ಕೆಲಸವೇ ಹೋಗಬಹುದು, ಮತ್ತೆಲ್ಲೂ ಸಿಗದೆಯೂ ಇರಬಹುದು ಎಂದ. ಸುಮ್ಮನಿದ್ದರೆ ಅಪ್ಪ ಮಗಳು ಇವತ್ತಲ್ಲ ನಾಳೆ ಸರಿಯಾಗುತ್ತಾರೆ, ರಕ್ತಸಂಬಂಧ ಎಲ್ಲಿ ಹೋಗುತ್ತದೆ ಎಂದೂ ಅಂದ. ಅವಳಿಗೂ ಹಾಗೇ ನಂಬಬೇಕೆನಿಸಿತು. ಆದರೆ ತಟ್ಟೆ ಮುಟ್ಟದ ಅಪ್ಪನೂ ಬಡಿಸಿ ನಿಂತ ಮಗಳೂ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದರು. ತಾನು ಮಾಡಿದ್ದನ್ನು ಇನ್ನೊಬ್ಬಳು ಉಣ್ಣುತ್ತಿದ್ದಳು.

ಕೊನೇ ಕಂತನ್ನು ಅರ್ಧಕ್ಕೇ ಬಿಟ್ಟ ಮುದುಕರು ಮಿಷನ್ ಹಾಕಿಸಿಕೊಳ್ಳಲು ತಾವಾಗಿಯೇ ಬಂದರು. ಇನ್ನೇನು, ಉಳಿಸಿಕೊಳ್ಳಬೇಕಾದ ಹೆಸರೂ ಉಳಿದಿರಲಿಲ್ಲ. ಬೇಡ ಎಂದರೂ ಮಗಳು ಹಿಂದೆಯೇ ಬಂದಿದ್ದಳು. ಅವಳನ್ನು ಹೊರಗಿನ ಬೆಂಚಿನಲ್ಲಿ ಬಿಟ್ಟು ಒಳಗೆ ಬಂದರು. ಡಾಕ್ಟರಮ್ಮ ಎರಡೂ ಕಿವಿಯ ಹಿಂದೆ ಮಿಷನ್ ಕೂರಿಸಿ, ಸದ್ದು ಸರಿಮಾಡಿದಳು. ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳಿಸಿದ್ದೇ ಮುದುಕರು ತಿರುಗಿ ನೋಡಿದರು. ಹೊರಗೆ ಮಗಳು ಯಾರಿಗೋ ಫೋನಿನಲ್ಲಿ ಮಾತಾಡುವುದೂ ಕೇಳಿಸಿರಬೇಕು, ಮುಖ ಸ್ವಲ್ಪ ಸಡಿಲವಾಗಿ ಮತ್ತೆ ಬಿಗಿದುಕೊಂಡಿತು.

ಆಗ ಡಾಕ್ಟರಮ್ಮ ಬಾಯಿ ತೆರೆದಳು. ಎಷ್ಟೋ ಸಲ ಮನಸ್ಸಿನಲ್ಲೇ ಜೋಡಿಸಿಟ್ಟ ಮಾತೆಲ್ಲ ಮರೆತುಹೋಗಿತ್ತು.

"ನಿಮ್ಮ ಮಗಳು ಬರೆದಿಲ್ಲ. ಆ ಯಜಮಾನ್ರು ನಾನೇ."

ಮುದುಕರು ಹುಬ್ಬು ಗಂಟಿಕ್ಕಿದರು. ಮಿಷನ್ ಏನೋ ತಪ್ಪು ಕೇಳಿಸುತ್ತಿದೆ ಎಂಬಂತೆ ಅದನ್ನು ಮುಟ್ಟಿ ನೋಡಿಕೊಂಡು, ಇನ್ನೊಂದು ಸಲ ಹೇಳಿ ಎಂದರು. ಅವಳು ಹೇಳಿದಳು. ಈ ಕುರ್ಚಿಯಲ್ಲಿ ಕೂತು ತಿಳಿದದ್ದನ್ನು ಅಲ್ಲಿ ಬರೆದವಳು ನಾನು, ಕಿವಿಯಜ್ಜ ನೀವೇ ಎಂದು ಮೊದಲ ದಿನವೇ ಗೊತ್ತಿತ್ತು, ಹೇಳಲಿಲ್ಲ ಎಂದಳು. ಅವರು ಎದ್ದು ಹೋಗಿ ಬಾಗಿಲು ತೆರೆದು ಮಗಳನ್ನು ಕರೆದರು.

"ನನಗೆ ಕೇಳಿಸ್ತು. ಈಗ ಅವಳಿಗೂ ಕೇಳೋ ಹಾಗೆ ಹೇಳಿ."

ಅವಳು ಮೂರನೆಯ ಸಲ ಹೇಳಿದಳು. ಮಗಳು ಮೊದಲು ಅವಳನ್ನು, ಆಮೇಲೆ ಅಪ್ಪನನ್ನು ನೋಡಿದಳು. ನಾನು ಬೇಡಿಕೊಂಡು ಬಂದದ್ದೂ ನಿಮ್ಮ ಹತ್ತಿರವೇ ಅಲ್ಲವೇ ಎಂದಷ್ಟೇ ಮೆಲ್ಲಗೆ ಅಂದಳು. ಮುದುಕರು ಮಗಳ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ನನ್ನದು ತಪ್ಪಾಯಿತು ಮಗಾ ಎಂದು ಹೇಳಿ ಆ ಕೈಯನ್ನು ಬಿಡಲೇ ಇಲ್ಲ.

ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದರು. ಸಿಟ್ಟು ಮಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ನನ್ನವಳು ಹೋದಾಗ ನಾನು ಬರೆದದ್ದು ಒಬ್ಬ ಸ್ನೇಹಿತನಿಗೆ. ನನ್ನ ಗುಟ್ಟು ಹೇಳಿದ್ದು ಒಬ್ಬ ಡಾಕ್ಟ್ರಿಗೆ. ಇಬ್ಬರೂ ಒಂದೇ ದಿನ ಹೋದ್ರಲ್ಲ."

ದೂರಿನ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಅದು ಬಂದಿದ್ದರೂ ಈ ಮಾತಿನಷ್ಟು ಚುಚ್ಚುತ್ತಿರಲಿಲ್ಲ. ಅವಳು ಸೈಟಿನ ಬಗ್ಗೆ, ಮೆಣಸಿನಕಾಯಿ ಆಡಿಕೊಂಡದ್ದನ್ನು ನೋಡಲಾಗದ ಬಗ್ಗೆ ಏನೇನೋ ಹೇಳತೊಡಗಿದಳು. ಮುದುಕರು ಕೈಯೆತ್ತಿ ತಡೆದು, ಈ ಮಿಷನ್ ಆಫ್ ಮಾಡುವುದು ಹೇಗೆ ಎಂದು ಕೇಳಿದರು. ಯಾವ ರೋಗಿ ಕೇಳಿದರೂ ತೋರಿಸುವುದು ಅವಳ ಕೆಲಸ. ಕೆಳಗಿನ ಪುಟ್ಟ ಬ್ಯಾಟರಿ ಬಾಗಿಲನ್ನು ಉಗುರಿನಿಂದ ಹೀಗೆ ತೆರೆದರೆ ಆಯಿತು ಎಂದು ತೋರಿಸಿಕೊಟ್ಟಳು.

ಅವರು ಮೊದಲು ಎಡಗಿವಿಯದನ್ನು ತೆರೆದರು, ಆಮೇಲೆ ಬಲಗಿವಿಯದನ್ನು. ಅವಳ ತುಟಿ ಕ್ಷಮಿಸಿ, ಕ್ಷಮಿಸಿ ಎನ್ನುತ್ತಲೇ ಇತ್ತು. ಅವರು ಗೋಡೆಯ ಗಡಿಯಾರ ನೋಡುತ್ತ, ಮಗಳ ಕೈ ಹಿಡಿದು ನಿಧಾನವಾಗಿ ಎದ್ದರು. ಹೇಳಿಕೊಟ್ಟದ್ದನ್ನು ಅಷ್ಟು ಬೇಗ ಕಲಿತ ರೋಗಿಯನ್ನು ಡಾಕ್ಟರಮ್ಮ ಅದುವರೆಗೆ ಕಂಡಿರಲಿಲ್ಲ.