ಧೂಳು ಹಿಡಿಯದ ಗಾಳಿ ಮಿಷನ್

ಬದ್ರುದ್ದೀನ್ ಬ್ಯಾರಿಯವರ ಮನೆಯ ಟಿವಿ ರಿಮೋಟು ಪ್ಲಾಸ್ಟಿಕ್ಕಿನೊಳಗೇ ಬಂದು, ಪ್ಲಾಸ್ಟಿಕ್ಕಿನೊಳಗೇ ಏಳು ವರ್ಷ ಬಾಳಿ, ಪ್ಲಾಸ್ಟಿಕ್ಕಿನೊಳಗೇ ಸತ್ತಿತು. ಸೋಫಾದ ಮೇಲೆ ಅಂಗಡಿಯವರು ಸುತ್ತಿದ ಹೊದಿಕೆ ಹಾಗೇ ಇತ್ತು. ಬೇಸಗೆಯಲ್ಲಿ ಕೂತವರು ಎದ್ದರೆ ಅದೂ ಅರ್ಧ ಎದ್ದು ಬರುತ್ತಿತ್ತು. ಫ್ರಿಜ್ಜಿನ ಹಿಡಿಗೂ ಪ್ಲಾಸ್ಟಿಕ್, ಗೋಡೆ ಗಡಿಯಾರದ ಗಾಜಿಗೂ ಪ್ಲಾಸ್ಟಿಕ್. ಇದನ್ನು ಜಿಪುಣತನ ಎಂದು ಆಡಿಕೊಳ್ಳುವವರಿಗೆ ವ್ಯಾಪಾರದ ಗಂಧಗಾಳಿಯೂ ಗೊತ್ತಿಲ್ಲ. ಮಡಂತ್ಯಾರು ಪೇಟೆಯಲ್ಲಿ ಮೂವತ್ತು ವರ್ಷ ಸೂಟ್‌ಕೇಸು, ಕೊಡೆ ಮಾರಿದ ಮನುಷ್ಯ ಅವರು. ಗಲ್ಫಿಗೆ ಹೊರಟ ಅರ್ಧ ತಾಲೂಕಿನ ಬಟ್ಟೆಬರೆ ವಿಮಾನ ಹತ್ತಿದ್ದು ಅವರ ಅಂಗಡಿಯ ಸೂಟ್‌ಕೇಸಿನಲ್ಲಿ. ಪ್ಲಾಸ್ಟಿಕ್ ಇರುವವರೆಗೆ ಮಾಲು ಹೊಸದು, ಹರಿದ ಗಳಿಗೆಯಿಂದ ಹಳತು. ಇಷ್ಟು ಸಣ್ಣ ವಿಷಯ ಕೆಲವರಿಗೆ ಸಾಯುವವರೆಗೂ ತಲೆಗೆ ಹೋಗುವುದಿಲ್ಲ.

ಊರವರಿಗೆಲ್ಲ ಅವರು ಬದ್ರಾಕ. ಅರುವತ್ತೆರಡು ದಾಟಿದ ಮೇಲೆ ಅಂಗಡಿಯನ್ನು ಒಡಹುಟ್ಟಿದ ತಮ್ಮ ಬಾವಾನ ಕೈಗೆ ಕೊಟ್ಟು ಮನೆಯಲ್ಲಿ ಕೂತರು. ಕೂತ ಮೇಲೆ ಮೊದಲು ಕಿವಿಗೆ ಬಿದ್ದದ್ದು ಹೆಂಡತಿ ನಬೀಸಾಳ ಎದೆಯ ಸದ್ದು. ಸುಯ್ಯ್ ಎಂದು ಒಳಗೆ, ಸುಯ್ಯ್ ಎಂದು ಹೊರಗೆ. ಅವಳಿಗೆ ದಮ್ಮು ಇರುವುದು ಅವರಿಗೆ ಗೊತ್ತಿತ್ತು; ಅದು ಅಡುಗೆಮನೆಯಿಂದ ಚಾವಡಿಗೆ ಕೇಳುವಷ್ಟಿದೆ ಎಂದು ಗೊತ್ತಿರಲಿಲ್ಲ. ಬದ್ರಾಕನಿಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ಅವರು ಗದರುವವರು, ಗದರಿದರು: "ಬೀಡಿ ಬಿಡು ಅಂತ ಎಷ್ಟು ಸಲ ಹೇಳಿದ್ದೇನೆ!"

"ಕೈ ಸುಮ್ಮನೆ ಇಟ್ಟುಕೊಂಡು ನಾನು ಎಂತ ಮಾಡ್ಲಿ?" ಎಂದಳು ನಬೀಸಾ.

ಹದಿನಾಲ್ಕನೇ ವಯಸ್ಸಿನಿಂದ ಬೀಡಿ ಕಟ್ಟಿದವಳು. ದಿನಾ ಮಧ್ಯಾಹ್ನ ಪಕ್ಕದ ಮನೆಯ ವಾರಿಜಾಕ್ಷಿ ಬೀಡಿ ಎಲೆ ತುಂಬಿದ ಮೊರ, ತನ್ನ ತಡ್ಪೆ, ಸೊಂಟಕ್ಕಿಟ್ಟುಕೊಂಡು ಬರಬೇಕು, ಇಬ್ಬರೂ ಮನೆಯೆದುರಿನ ಸಿಟೌಟಿನಲ್ಲಿ ಕಾಲು ಚಾಚಿ ಕೂರಬೇಕು, ಎಲೆಯೊಳಗೆ ಹೊಗೆಸೊಪ್ಪಿನ ಜೊತೆ ಊರಿನ ಸುದ್ದಿಯನ್ನೂ ಸುತ್ತಬೇಕು. ಅದನ್ನು ಬಿಡಿಸಲು ಡಾಕ್ಟರಿಂದಲೂ ಆಗಿರಲಿಲ್ಲ.

ಎರಡು ಸಾವಿರದ ಆರರಲ್ಲಿ ಮಗ ಅನ್ಸಾಫ್ ದುಬೈಯಿಂದ ರಜೆಯಲ್ಲಿ ಬರುವಾಗ ತಾಯಿಯ ದಮ್ಮಿಗೆಂದು ಒಂದು ಮಿಷನ್ ತಂದ. ಗಾಳಿ ಶುದ್ಧ ಮಾಡುವ ಮಿಷನ್. ನಿಂತರೆ ಮೊಣಕಾಲೆತ್ತರ. ಅವನು ಬಂದ ದಿನವೇ ಪೆಟ್ಟಿಗೆ ಬಿಚ್ಚಲು ಹೋದ. ಬದ್ರಾಕ ಕೈ ಹಿಡಿದರು. "ಎಂತ ಅವಸರ ಮಾರಾಯ? ನಾಲ್ಕು ಜನ ನೋಡ್ಲಿ." ನಾಲ್ಕಲ್ಲ, ನಲವತ್ತು ಜನ ನೋಡಿದರು, ಪೆಟ್ಟಿಗೆಯನ್ನು. ಅನ್ಸಾಫನ ರಜೆ ಮುಗಿಯಿತು, ಪೆಟ್ಟಿಗೆ ಪೆಟ್ಟಿಗೆಯಾಗಿಯೇ ಇತ್ತು. ಬಜ್ಪೆಯಲ್ಲಿ ವಿಮಾನ ಹತ್ತುವ ಮೊದಲು ಅವನು ಹೇಳಿದ್ದು ಒಂದೇ ಮಾತು: "ಬಾಪ, ಒಳಗೆ ಪುಸ್ತಕ ಉಂಟು, ಒಮ್ಮೆ ನೋಡಿ."

ಮಗ ಹೋದ ಮೇಲೆ ಪೆಟ್ಟಿಗೆ ಬಿಚ್ಚಿದರು, ಪುಸ್ತಕ ಇತ್ತು. ಅದೂ ಪ್ಲಾಸ್ಟಿಕ್ಕಿನೊಳಗೆ ಇತ್ತು. ಬದ್ರಾಕ ಅದನ್ನು ಹಾಗೆಯೇ ಕಪಾಟಿನಲ್ಲಿ, ಮನೆಯ ಕಾಗದಪತ್ರದ ಕೆಳಗೆ, ಜೋಪಾನವಾಗಿಟ್ಟರು.

ಮಿಷನ್ನಿಗೆ ಚಾವಡಿಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಜಾಗವಾಯಿತು. ಮುಂದಿನ ಮುಚ್ಚಳ ತೆಗೆದು ಒಳಗೆ ನೋಡಿದರೆ ಮಡಿಕೆ ಮಡಿಕೆಯ ಬಿಳಿ ಫಿಲ್ಟರು, ಇಸ್ತ್ರಿ ಹಾಕಿದ ಜುಬ್ಬದ ಹಾಗೆ, ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕೂತಿತ್ತು. ಬದ್ರಾಕನಿಗೆ ಆ ಕಂಪೆನಿಯ ಮೇಲೆ ಗೌರವ ಬಂತು. ಮುಚ್ಚಳ ಹಾಕಿ ಸ್ವಿಚ್ ಒತ್ತಿದರು. ಭರ್ರೋ ಎಂದು ಸದ್ದು ಬಂತು, ಸ್ವಲ್ಪ ದಿನದಲ್ಲಿ ಒಂದು ಕೆಂಪು ಲೈಟೂ ಬಂತು.

"ಕೆಂಪು ಯಾಕೆ ಮಾಮ?" ಎಂದು ಕೇಳಿದಳು ಸೊಸೆ ಮಿಸ್ರಿಯಾ.

"ಕೆಲಸ ಮಾಡ್ತಾ ಉಂಟು ಅಂತ ಲೆಕ್ಕ."

ಇನ್ನು ಶುದ್ಧ ಗಾಳಿಯನ್ನು ಹೊರಗೆ ಹೋಗಲು ಬಿಡುವುದುಂಟೇ? ಚಾವಡಿಯ ಆರು ಕಿಟಕಿಗಳಿಗೂ ಚಿಲಕ ಬಿತ್ತು. ಮಿಷನ್ನಿನ ತಲೆಗೆ ಕಸೂತಿ ಹಾಕಿದ ಬಟ್ಟೆಯನ್ನು ಮಿಸ್ರಿಯಾಳಿಂದ ಹೊದಿಸಿದ್ದಾಯಿತು. ನಬೀಸಾ ಮತ್ತು ವಾರಿಜಾಕ್ಷಿಗೆ ಹುಕುಂ ಆಯಿತು: ಇನ್ನು ಸಿಟೌಟಿನ ಧೂಳಿನಲ್ಲಿ ಕೂರುವುದು ಬೇಡ, ಬೀಡಿ ಕಟ್ಟುವುದಿದ್ದರೆ ಒಳಗೆ, ಮಿಷನ್ನಿನ ಮುಂದೆ. ಹೊಗೆಸೊಪ್ಪಿನ ಹುಡಿಯನ್ನೆಲ್ಲ ಅದು ನುಂಗುತ್ತದೆ.

ವಾರಿಜಾಕ್ಷಿ ಮಿಷನ್ನಿನ ಬಾಯಿಗೆ ಕೈ ಹಿಡಿದು ನೋಡಿದಳು. "ಗಾಳಿಯೇ ಬರುವುದಿಲ್ಲವಲ್ಲ ಬದ್ರಾಕ?"

"ಇದು ಫ್ಯಾನ್ ಅಲ್ಲ ಮಾರಾಯ್ತಿ. ಶುದ್ಧ ಗಾಳಿ ಹಾಗೆಲ್ಲ ಕೈಗೆ ತಾಗುವುದಿಲ್ಲ."

ಎರಡು ಸೀನು ಸೀನಿ, ಆ ವಿದ್ಯೆಗೆ ತಲೆಬಾಗಿ ಅವಳು ತಡ್ಪೆ ಇಟ್ಟು ಕೂತಳು.

ಮಿಷನ್ನನ್ನು ಸಾಕುವುದರಲ್ಲಿ ಬದ್ರಾಕ ಎಂದೂ ಸೋಮಾರಿತನ ಮಾಡಿದವರಲ್ಲ. ತಿಂಗಳ ಮೊದಲ ಶುಕ್ರವಾರ ಜುಮಾ ನಮಾಜ್ ಮುಗಿಸಿ ಬಂದು, ಊಟಕ್ಕೂ ಮೊದಲು, ಸ್ವಿಚ್ ಆಫ್ ಮಾಡಿ, ಪ್ಲಗ್ ಎಳೆದು, ಮುಚ್ಚಳ ತೆಗೆದು, ಫಿಲ್ಟರನ್ನು ಮಗುವನ್ನೆತ್ತಿದ ಹಾಗೆ ಎರಡು ಕೈಯಲ್ಲಿ ಹೊರಗೆ ತಂದು, ಒದ್ದೆ ಬಟ್ಟೆಯಲ್ಲಿ ಅದರ ಪ್ಲಾಸ್ಟಿಕ್ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದು ಚೂರು ಕಪ್ಪಿಲ್ಲ. ಒಂದು ಕಲೆಯಿಲ್ಲ. ಬಂದ ದಿನದ ಬಿಳಿ ಹಾಗೇ ಇದೆ. ಆ ಶುಕ್ರವಾರ ಅವರಿಗೆ ಊಟ ಒಂದು ತುತ್ತು ಜಾಸ್ತಿಯೇ ಸೇರುತ್ತಿತ್ತು.

ಬೆಳಿಗ್ಗೆ ಚಾ ಕುಡಿಯುವಾಗ ದಮ್ಮಿನ ಬಗ್ಗೆ ಬದ್ರಾಕನದೊಂದು ಪ್ರಶ್ನೆ, ನಬೀಸಾಳದೊಂದು ಉತ್ತರ.

"ಕಮ್ಮಿ ಉಂಟಾ?"

"ಕಮ್ಮಿ ಉಂಟು."

ಅನ್ಸಾಫ್ ಶುಕ್ರವಾರ ಫೋನು ಮಾಡಿದರೆ ಬದ್ರಾಕನೇ ಮೊದಲು ಎತ್ತುವುದು. "ಉಮ್ಮನಿಗೆ ಕಮ್ಮಿ ಉಂಟಂತೆ. ದಿನಾ ಹೇಳ್ತಾಳೆ." ನಬೀಸಾಳ ಕೈಗೆ ಫೋನು ಬಂದರೆ ಅವಳೂ ಅದನ್ನೇ ಹೇಳುವಳು, ಸಣ್ಣ ಸಣ್ಣ ವಾಕ್ಯದಲ್ಲಿ. ಈಚೆಗೆ ಅವಳ ವಾಕ್ಯಗಳು ಎರಡೇ ಶಬ್ದಕ್ಕೆ ಬಂದು ನಿಂತಿದ್ದವು. ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದಳು, ಮಲಗುವಾಗ ಬೆನ್ನಿಗೆ ಮೂರು ದಿಂಬು ಇಡುತ್ತಿದ್ದಳು. ಬದ್ರಾಕ ಮೂರನೇ ದಿಂಬನ್ನು ನೋಡಿದ್ದರು. ವಯಸ್ಸಾಯಿತಲ್ಲ, ಬೆನ್ನು ನೋವಿರಬೇಕು ಎಂದುಕೊಂಡಿದ್ದರು. ಕಣ್ಣೆದುರು ಮಿಷನ್ ಓಡುತ್ತಿರುವಾಗ ಬೇರೆ ಏನು ಎಂದುಕೊಳ್ಳುವುದು?

ಮಿಷನ್ ಬಂದ ಹತ್ತನೇ ತಿಂಗಳಿನ ಒಂದು ಗುರುವಾರ. ಮಧ್ಯಾಹ್ನ ಇಡೀ ಬೀಡಿ ಕಟ್ಟಿದ ಹುಡಿ ಚಾವಡಿಯಲ್ಲೇ ಇತ್ತು. ಸಂಜೆಯ ಮಗ್ರಿಬ್ ನಮಾಜ್ ಆದ ಮೇಲೆ ಎಂದಿನ ಹಾಗೆ ಸಾಂಬ್ರಾಣಿ ಹಾಕಿದ ಕೆಂಡದ ಪಾತ್ರೆ ಹಿಡಿದು ಮಿಸ್ರಿಯಾ ಮನೆಯೆಲ್ಲ ತಿರುಗಿದಳು. ಕಿಟಕಿಗೆ ಚಿಲಕ. ನಬೀಸಾ ನಮಾಜಿನ ಚಾಪೆ, ಮುಸಲ್ಲಾ, ಮಡಚಲು ಬಗ್ಗಿದವಳು ಮತ್ತೆ ಏಳಲಿಲ್ಲ. ಎರಡು ಕೈಯೂರಿ, ಬಾಯಿ ತೆರೆದು, ಕಣ್ಣು ಹೊರಗೆ ಬರುವ ಹಾಗೆ ಗಾಳಿಯನ್ನು ಹುಡುಕುತ್ತಿದ್ದಳು. ತುಟಿ ನೇರಳೆಯಾಗಿತ್ತು.

"ಯಾ ಅಲ್ಲಾ!" ಬದ್ರಾಕ ಓಡಿದರು. ಓಡಿದ್ದು ಎಲ್ಲಿಗೆ? ಮಿಷನ್ನಿನ ಹತ್ತಿರ. ಅದರ ಗುಂಡಿಯನ್ನು ಮೂರಕ್ಕೆ ತಿರುಗಿಸಿ, ಹೆಂಡತಿಯನ್ನು ಎಳೆದು ತಂದು ಅದರ ಬಾಯಿಗೆ ಮುಖ ಹಿಡಿಸಿದರು. "ತಕೋ, ಗಾಳಿ ತಕೋ!" ಮಿಷನ್ ಭರ್ರೋ ಎಂದಿತು. ನಬೀಸಾ ಕೈಯೆತ್ತಿ ಕಿಟಕಿ ತೋರಿಸಿದಳು. ಸಾಂಬ್ರಾಣಿ ಪಾತ್ರೆಯನ್ನು ಅಂಗಳಕ್ಕೆ ಬಿಸಾಡಿ, ಚಿಲಕ ಕಿತ್ತು, ಪಕ್ಕದವರ ಓಮ್ನಿ ಕರೆಸಿದ್ದು ಮಿಸ್ರಿಯಾ.

ಬೆಳ್ತಂಗಡಿಯ ಆಸ್ಪತ್ರೆಯವರೆಗೆ ಬದ್ರಾಕ ಹೆಂಡತಿಯ ಬೆನ್ನು ಉಜ್ಜುತ್ತ ಕೂತಿದ್ದರು. ಇವಳು ಹೋದರೆ ಬೆಳಿಗ್ಗೆ ತಾನು ಯಾರನ್ನು ಕೇಳುವುದು ಎಂಬುದೊಂದೇ ಅವರ ತಲೆಯಲ್ಲಿ ತಿರುಗುತ್ತಿತ್ತು.

ಡಾಕ್ಟ್ರಮ್ಮ ಮುಖಕ್ಕೆ ಮಾಸ್ಕು ಇಟ್ಟು ಮದ್ದಿನ ಹೊಗೆ ಬಿಟ್ಟರು, ಇಂಜೆಕ್ಷನ್ ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ತುಟಿಯ ಬಣ್ಣ ತುಟಿಗೆ ಬಂತು. ಆಮೇಲೆ ಅವರು ಬದ್ರಾಕನನ್ನು ಎದುರಿಗೆ ಕೂರಿಸಿಕೊಂಡರು.

"ಮನೆಯಲ್ಲಿ ಹೊಗೆ, ಧೂಳು ಎಂತ ಉಂಟು?"

"ಎಂತದೂ ಇಲ್ಲ ಡಾಕ್ಟ್ರೇ. ಬೀಡಿ ಕಟ್ತಾಳೆ, ಆದ್ರೆ ಮಿಷನ್ನಿನ ಎದುರೇ ಕಟ್ಟುವುದು. ದುಬೈಯಿಂದ ಮಗ ತಂದ ಗಾಳಿ ಮಿಷನ್ ಉಂಟು."

"ಹೌದಾ? ಒಳ್ಳೆಯದು. ಫಿಲ್ಟರ್ ಯಾವಾಗ ಬದಲಿಸಿದ್ದು?"

ಬದ್ರಾಕ ಇಂಥ ಪ್ರಶ್ನೆಗೇ ಹತ್ತು ತಿಂಗಳಿಂದ ಕಾದಿದ್ದವರು. ಬೆನ್ನು ನೆಟ್ಟಗೆ ಮಾಡಿದರು. "ಬದಲಿಸುವ ಪ್ರಶ್ನೆಯೇ ಇಲ್ಲ. ತಿಂಗಳಿಗೊಮ್ಮೆ ನಾನೇ ತೆಗೆದು ಒರೆಸ್ತೇನೆ. ಹತ್ತು ತಿಂಗಳಾಯ್ತು, ಒಂದು ಚೂರು ಧೂಳು ಹಿಡಿದಿಲ್ಲ. ಬೇಕಾದ್ರೆ ಬಂದು ನೋಡಿ, ಹೊಸತರ ಹಾಗೇ ಉಂಟು."

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. "ಬೀಡಿ ಕಟ್ಟುವ ಮನೆಯಲ್ಲಿ, ಹತ್ತು ತಿಂಗಳು, ಒಂದು ಚೂರೂ ಇಲ್ವಾ?"

"ಇಲ್ಲ."

"ಒರೆಸುವಾಗ ಹರಿಯುವುದಿಲ್ವಾ? ಅದು ಕಾಗದದ ಹಾಗೆ ಇರ್ತದಲ್ಲ."

"ಹರಿಯುವುದು ಹೇಗೆ? ಪ್ಲಾಸ್ಟಿಕ್ ಹಾಗೇ ಇಟ್ಟಿದ್ದೇನಲ್ಲ."

ಡಾಕ್ಟ್ರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಹಾಗಾದ್ರೆ ಬ್ಯಾರಿಗಳೇ, ಹತ್ತು ತಿಂಗಳಿನ ಧೂಳೆಲ್ಲ ಎಲ್ಲಿಗೆ ಹೋಯ್ತು?"

ಬದ್ರಾಕನ ಕಣ್ಣು ತಾನಾಗಿ ಮಂಚದ ಕಡೆಗೆ ಹೋಯಿತು. ಅಲ್ಲಿ ನಬೀಸಾ ಮಾಸ್ಕಿನೊಳಗೆ ಮದ್ದು ಎಳೆಯುತ್ತಿದ್ದಳು.

ಡಾಕ್ಟ್ರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮದ್ದಿನ ಚೀಟಿಯ ಹಿಂದೆ ಒಂದೊಂದೇ ಬರೆದು, ಓದಿ ಹೇಳಿ, ಕೊಟ್ಟರು. ಪ್ಲಾಸ್ಟಿಕ್ ತೆಗೆಯಬೇಕು. ಮಿಷನ್ ಗೋಡೆಯಿಂದ ಒಂದು ಮೊಳ ಈಚೆಗಿರಬೇಕು, ತಲೆಯ ಮೇಲೆ ಬಟ್ಟೆ ಹಾಕಬಾರದು. ಬಿಳಿ ಫಿಲ್ಟರಿಗೆ ನೀರು ತಾಗಬಾರದು, ಕೆಟ್ಟರೆ ಹೊಸದೇ ಹಾಕಬೇಕು. ಸಾಂಬ್ರಾಣಿ ಮನೆಯೊಳಗೆ ಬೇಡ. ದಿನಕ್ಕೆರಡು ಹೊತ್ತು ಕಿಟಕಿ ತೆರೆಯಬೇಕು. ಬೀಡಿ ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು, ಬಿಡದಿದ್ದರೆ ಮನೆಯ ಹೊರಗೆ. "ಮತ್ತೆ, ಮಿಷನ್ ಮದ್ದಲ್ಲ. ಬಾಯಿಗೆ ಎಳೆಯುವ ಮದ್ದಿನ ಪಂಪು ಬರೆದಿದ್ದೇನೆ, ಅದನ್ನು ಬಿಡಬಾರದು. ಮಿಷನ್ ಇದ್ದರೂ ಪಂಪು ಬೇಕು."

ಮರುದಿನ ಶುಕ್ರವಾರ. ಮೊದಲ ಶುಕ್ರವಾರವೇನಲ್ಲ. ಬದ್ರಾಕ ಕಪಾಟಿನಿಂದ ಪುಸ್ತಕ ತೆಗೆದು ಮಿಸ್ರಿಯಾಳ ಕೈಗೆ ಕೊಟ್ಟರು. ಅವಳು ಅದರ ಪ್ಲಾಸ್ಟಿಕ್ ಹರಿದಳು. ಇಂಗ್ಲಿಷ್, ಅರಬಿ ಓದುವ ಅಗತ್ಯವೇ ಬೀಳಲಿಲ್ಲ. ಮೊದಲ ಪುಟದಲ್ಲೇ ಚಿತ್ರ ಇತ್ತು. ಒಂದು ಕೈ ಫಿಲ್ಟರಿನ ಪ್ಲಾಸ್ಟಿಕ್ ಎಳೆದು ತೆಗೆಯುತ್ತಿದೆ, ಪಕ್ಕದಲ್ಲಿ ಹೆಬ್ಬೆರಳಷ್ಟು ದಪ್ಪದ ಉದ್ಗಾರ ಚಿಹ್ನೆ. ಅಕ್ಷರ ಬಾರದವರಿಗೂ ಅರ್ಥವಾಗುವ ಚಿತ್ರ.

"ಕತ್ತರಿ ತಾ," ಎಂದರು ಬದ್ರಾಕ.

ಸಿಕ್ಕಿದ್ದು ಬೀಡಿ ಎಲೆ ಕತ್ತರಿಸುವ ಕತ್ತರಿ. ಬದ್ರಾಕ ಮುಚ್ಚಳ ತೆಗೆದು ಫಿಲ್ಟರಿನ ಪ್ಲಾಸ್ಟಿಕ್ಕಿಗೆ ಅದನ್ನೇ ಹಿಡಿದರು. ಕತ್ತರಿಸಿದರು. ಮಿಷನ್ನಿನ ತಲೆಯ ಬಟ್ಟೆ ತೆಗೆದು, ಅದನ್ನು ಗೋಡೆಯಿಂದ ಈಚೆಗೆಳೆದು, ಸ್ವಿಚ್ ಹಾಕಿದರು. ಭರ್ರೋ ಸದ್ದು ಇರಲಿಲ್ಲ. ಉಸ್ಸ್ ಎಂದು ಒಂದು ತಂಪು ಗಾಳಿ ಮೇಲೆದ್ದು ಅವರ ಗಡ್ಡಕ್ಕೆ ತಾಗಿತು. ಶುದ್ಧ ಗಾಳಿ ಕೈಗೂ ತಾಗುತ್ತದೆ, ಗಡ್ಡಕ್ಕೂ ತಾಗುತ್ತದೆ.

ಅನ್ಸಾಫನ ಫೋನು ಬಂದಾಗ ಅವರೇ ಹೇಳಿದರು, ಒಂದು ಮಾತನ್ನೂ ಬಿಡದೆ. ಅವನು "ಇನ್ನೊಂದು ಫಿಲ್ಟರ್ ಕಳಿಸ್ತೇನೆ ಬಾಪ" ಎಂದಷ್ಟೇ ಅಂದು ಇಟ್ಟ.

ವಾರಿಜಾಕ್ಷಿ ತಡ್ಪೆಯ ಜೊತೆ ಸಿಟೌಟಿಗೆ ವಾಪಸು ಬಂದಳು. ನಬೀಸಾ ಬೀಡಿ ಬಿಟ್ಟಳೇ ಎಂದರೆ, ಮುಕ್ಕಾಲು ಬಿಟ್ಟಳು. ಮೂಗಿಗೆ ದುಪಟ್ಟಾ ಕಟ್ಟಿಕೊಂಡು ವಾರಿಜಾಕ್ಷಿಯ ಎಲೆ ಕತ್ತರಿಸಿ ಕೊಡುವಳು, ಸುದ್ದಿ ಮಾತ್ರ ಮೊದಲಿನಷ್ಟೇ. ನಲವತ್ತು ದಿನವಾದ ಮೇಲೆ ಬದ್ರಾಕ ಪ್ಲಗ್ ಎಳೆದು ಮುಚ್ಚಳ ತೆಗೆದರು. ಸಿಟೌಟಿನಿಂದ ಒಳಗೆ ಬಂದ ಹುಡಿ, ಸೋಫಾದ ಸಂದಿಯಲ್ಲಿ, ಪರದೆಯ ಮಡಿಕೆಯಲ್ಲಿ ಹಳತು ಉಳಿದದ್ದು, ಎಲ್ಲ ಅಲ್ಲಿತ್ತು. ಬಿಳಿ ಜುಬ್ಬ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಅವರು ಅದನ್ನು ಎರಡು ಕೈಯಲ್ಲಿ ಎತ್ತಿ ನಬೀಸಾಳ ಮುಂದಿಟ್ಟರು.

ಅವಳು ಬೆರಳು ತಾಗಿಸದೆ ನೋಡಿದಳು. "ಇದು ನಲವತ್ತೇ ದಿನದ್ದಾ?"

"ನಲವತ್ತೇ ದಿನದ್ದು."

ನಲವತ್ತು ವರ್ಷ ಅವಳ ಎದೆಗೆ ಹೋದ ಹುಡಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಬದ್ರಾಕನಿಗೆ ಕೇಳದೆ ಇರಲು ಆಗಲಿಲ್ಲ: "ಹತ್ತು ತಿಂಗಳು ನೀನು ದಿನಾ ಕಮ್ಮಿ ಉಂಟು, ಕಮ್ಮಿ ಉಂಟು ಅಂದೆಯಲ್ಲ. ಎಂತಕ್ಕೆ ಸುಳ್ಳು ಹೇಳಿದ್ದು?"

"ನೀವು ಕೇಳುವಾಗ ನಿಮ್ಮ ಮುಖ ಅಷ್ಟು ಖುಷಿಯಲ್ಲಿರ್ತಿತ್ತು," ಎಂದಳು ನಬೀಸಾ. "ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ನೀವು ನನ್ನ ದಮ್ಮಿನ ಬಗ್ಗೆ ಕೇಳಿದ್ದೇ ಆಗ. ಇಲ್ಲ ಅಂದ್ರೆ ಕೇಳುವುದನ್ನೇ ಬಿಡ್ತೀರೋ ಅಂತ."

ಬದ್ರಾಕ ಫಿಲ್ಟರನ್ನೆತ್ತಿಕೊಂಡು ಅಂಗಳಕ್ಕೆ ಹೋಗಿ, ಮಾಡುವುದಕ್ಕೆ ಕೆಲಸವಿಲ್ಲದಿದ್ದರೂ, ತುಂಬ ಹೊತ್ತು ಅಲ್ಲೇ ನಿಂತರು.

ಮರುದಿನ ಬೆಳಿಗ್ಗೆ ಕಿಟಕಿಗಳೆಲ್ಲ ತೆರೆದಿದ್ದವು. ಚಾ ಬಂತು. ಬದ್ರಾಕ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಹೆಂಡತಿಯ ಮುಖ ನೋಡಿದರು.

"ಕಮ್ಮಿ ಉಂಟಾ?"

ನಬೀಸಾ ಒಂದು ಉಸಿರು ಎಳೆದು, ಬಿಟ್ಟು, ತಡೆದು ಹೇಳಿದಳು: "ಇಲ್ಲ. ಇವತ್ತು ಸ್ವಲ್ಪ ಜಾಸ್ತಿ ಉಂಟು."

ಬದ್ರಾಕ ಎದ್ದರು. ಹಳೆಯ ಪಂಪಿನಲ್ಲಿ ಮದ್ದು ಮುಗಿದಿತ್ತು. ಕಪಾಟಿನಿಂದ ಹೊಸ ಪಂಪಿನ ಪೊಟ್ಟಣ ತೆಗೆದು, ಕತ್ತರಿ ಹುಡುಕಲಿಕ್ಕೂ ನಿಲ್ಲದೆ, ಅದರ ಪ್ಲಾಸ್ಟಿಕ್ಕನ್ನು ಹಲ್ಲಿನಿಂದಲೇ ಹರಿಯುತ್ತ ಬಂದರು.