ಯಜಮಾನರ ರುಜು

"ಯಜಮಾನ್ರು ಎಲ್ಲಿ?" ಬಂದರು ಕಚೇರಿಯ ಗುಮಾಸ್ತ ತಲೆ ಎತ್ತದೆಯೇ ಕೇಳಿದ.

ದೋಣಿಯಕ್ಕನಿಗೆ ಅಲ್ಲಿಗೇ ಪಿತ್ತ ನೆತ್ತಿಗೇರಿತು. ಇಪ್ಪತ್ತಾರು ವರ್ಷ ಹೊಳೆ ದಾಟಿಸುವ ಲಾಂಚಿನ ಚುಕ್ಕಾಣಿ ಹಿಡಿದವಳು ಅವಳು. ದಿನಾ ಓಡಾಡುವ ಜನ ಇಟ್ಟ ಹೆಸರೇ ದೋಣಿಯಕ್ಕ. ಈಗ ಸ್ವಂತ ದೋಣಿಯಲ್ಲಿ ಗಂಡನ ಜೊತೆ ಊರೂರು ಸುತ್ತುತ್ತಿದ್ದಳು. ಬರೀ ಮೋಜಿಗಲ್ಲ. ಐವತ್ತೆಂಟು ತುಂಬಿದವರು ಹನ್ನೆರಡು ಬಂದರುಗಳಿಗೆ ತಾವೇ ದೋಣಿ ನಡೆಸಿಕೊಂಡು ಹೋಗಿ, ಪುಸ್ತಕದಲ್ಲಿ ಮೊಹರು ಹಾಕಿಸಿ ತೋರಿಸಿದರೆ ಮಾತ್ರ ಲೈಸೆನ್ಸು ಉಳಿಯುತ್ತದೆ. ಹನ್ನೊಂದು ಬಂದರು ಮುಗಿದಿತ್ತು, ಇದೇ ಕೊನೆಯದು. ಅಂದು ಶನಿವಾರ, ಮರುದಿನಕ್ಕೆ ವಾಯಿದೆ ಮುಗಿಯುತ್ತಿತ್ತು.

"ದೋಣಿ ನನ್ನದು. ನಡೆಸೋಳೂ ನಾನೇ," ಎಂದು ಪುಸ್ತಕ ಮುಂದಿಟ್ಟಳು.

ಗುಮಾಸ್ತ ಅಲ್ಲಿದ್ದ ಅಚ್ಚಕ್ಷರದ ಮೇಲೆ ಬೆರಳಿಟ್ಟ. "ದೋಣಿಯ ಯಜಮಾನರ ರುಜು ಅಂತಿದೆ ನೋಡಿ. ಅವರನ್ನ ಕಳಿಸಿ."

"ಯಜಮಾನ್ರು ಅಂದ್ರೆ ಇಲ್ಲಿ ಗಂಡ ಅಂತಲ್ಲ ಸ್ವಾಮಿ. ದೋಣಿ ಯಾರ ಕೈಲಿದೆಯೋ ಅವರು. ಯಜಮಾನಿ ನಾನು."

"ಮನೇಲಿ ನೀವು ಯಜಮಾನಿ ಇರಬಹುದು ಬಿಡಿ ಮೇಡಂ," ಎಂದ ಅವನು. ಹಿಂದೆ ಸಾಲಿನಲ್ಲಿದ್ದ ಇಬ್ಬರು ಕಿಸಕ್ಕೆಂದರು. ಅವಳ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಗಂಡ ಬಂದ, ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ ಹಾಗೇ ಇತ್ತು. ಗಡಿಯಾರ ರಿಪೇರಿ ಮಾಡಿ ಕಣ್ಣು ಸವೆಸಿದ ಆಸಾಮಿ. ದೋಣಿಯಲ್ಲಿ ಅಡುಗೆ ಅವನದು, ಅಲೆ ಜೋರಾದರೆ ವಾಂತಿಯೂ ಅವನದೇ. ಈ ಊರಿನ ಗೋಪುರದಲ್ಲಿ ನಾನೂರು ವರ್ಷದ ಗಡಿಯಾರವಿದೆ, ಹನ್ನೆರಡಕ್ಕೆ ಬಾಗಿಲು ಹಾಕುತ್ತಾರೆ ಎಂದು ಬೆಳಗಿನಿಂದ ಒಂದೇ ಜಪ.

"ಸಾರ್, ಇಲ್ಲೊಂದು ರುಜು ಹಾಕಿಬಿಡಿ," ಎಂದ ಗುಮಾಸ್ತ. "ಇಲ್ಲಾಂದ್ರೆ ಸೋಮವಾರ ಸಾಹೇಬ್ರು ಬರ್ತಾರೆ, ಅವರನ್ನೇ ಕೇಳ್ಕೊಳ್ಳಿ."

"ಹಾಕ್ಬೇಡಿ ಕಣ್ರೀ," ಎಂದಳು ಅವಳು.

"ಒಂದು ರುಜು ತಾನೇ, ಅದಕ್ಯಾಕೆ ರಂಪ," ಎಂದು ಗೊಣಗಿ ಗಂಡ ಹಾಕಿಯೇಬಿಟ್ಟ. ಧಪ್ಪನೆ ಮೊಹರು ಬಿತ್ತು. ಗುಮಾಸ್ತ ಅವಳ ಹೆಸರನ್ನು ಕೆಳಗೆ, 'ಜೊತೆಗೆ ಬಂದವರು' ಎಂಬಲ್ಲಿ ಬರೆದ.

ಗೋಪುರ ನೋಡಲೂ ಆಗಲಿಲ್ಲ. ಮೊಹರು ಬಿದ್ದ ದೋಣಿ ಒಳಗಿನ ಕಟ್ಟೆಯಲ್ಲೇ ನಿಲ್ಲಬೇಕು, ಕಲ್ಲಿನ ಕಮಾನಿನಡಿ ಹಾಯಿಸಿ ತನ್ನಿ ಎಂದು ಗುಮಾಸ್ತ ಬೆನ್ನಿಗೇ ಹೊರಟ. ಸವೆದ ಕಲ್ಲಿನ ಓಣಿ, ವಾಲಿದ ಹಳೇ ಮನೆಗಳು. ಇಲ್ಲಿ ಇಂಥ ನಾವಿಕನಿದ್ದ, ಇಂಥ ವರ್ತಕನಿದ್ದ ಎಂದು ಬಾಗಿಲು ಬಾಗಿಲಿಗೂ ಫಲಕ. ಅವರಿಗೆಲ್ಲ ಬೇಯಿಸಿ ಹಾಕಿದವಳ ಹೆಸರು ಒಂದರಲ್ಲಾದರೂ ಇದೆಯೇ ಎಂದು ಅವಳು ಹುಡುಕುತ್ತಾ ನಡೆದಳು. ಇರಲಿಲ್ಲ.

ಕಮಾನಿನ ಎರಡೂ ಕಡೆ ಒಂದು ಮೊಳ ಜಾಗವಿರಲಿಲ್ಲ. ನೀರಿನ ಸೆಳೆತ ಬೇರೆ ಅಡ್ಡಕ್ಕಿತ್ತು. ಅವಳು ಎಂಜಿನ್ ತಗ್ಗಿಸಿ, ಉಸಿರು ಬಿಗಿಹಿಡಿದು, ಬಣ್ಣಕ್ಕೆ ಒಂದು ಗೀರೂ ಬೀಳದ ಹಾಗೆ ದಾಟಿಸಿದಳು. ಗಂಡ ಮುಂದೆ ಕಣ್ಣು ಮುಚ್ಚಿ ಕೂತಿದ್ದ.

ಕಟ್ಟೆಯ ಮೇಲೆ ನಿಂತಿದ್ದ ಗುಮಾಸ್ತ ಗಂಡನ ಕೈ ಹಿಡಿದು ಇಳಿಸಿಕೊಂಡ. "ಮೇಡಂಗೆ ಚೆನ್ನಾಗಿ ಕಲಿಸಿದ್ದೀರಿ ಸಾರ್."

"ಹೆಹ್ಹೆ, ಏನೋ ಒಂದಿಷ್ಟು," ಎಂದ ಗಂಡ, ಗೂಟಕ್ಕೆ ಹಗ್ಗ ಸುತ್ತುತ್ತಾ.

ರುಜುವನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಈ ಹೆಹ್ಹೆ ಗಂಟಲಲ್ಲಿ ಇಳಿಯಲಿಲ್ಲ.

"ಹಗ್ಗ ಬಿಚ್ಚಿ," ಎಂದಳು. "ಮುಂದಿನ ಬಂದರಿಗೆ ನಾಲ್ಕು ಗಂಟೆ ದಾರಿ, ಆರರ ತನಕ ಕಚೇರಿ ತೆಗೆದಿರುತ್ತೆ. ನನ್ನ ಮೊಹರು ನಾನು ಹಾಕಿಸ್ಕೋತೀನಿ."

"ಮತ್ತೆ ನಾನು?"

"ಯಜಮಾನ್ರಲ್ವಾ? ಬಸ್ಸಲ್ಲಿ ಬನ್ನಿ."

ಗುಮಾಸ್ತ ಅಡ್ಡ ಬಂದ. "ಹಾಗೆಲ್ಲ ಆಗಲ್ಲ ಮೇಡಂ. ಪುಸ್ತಕದಲ್ಲಿ ಯಜಮಾನ್ರು ಇವರು. ಇವರಿಲ್ಲದೆ ದೋಣಿ ಕದಲೋ ಹಾಗಿಲ್ಲ. ಅಲ್ಲಿ ಮೊಹರು ಬೀಳೋದೂ ಇವರ ಹೆಸರಿಗೇ."

ಇಪ್ಪತ್ತಾರು ವರ್ಷದ ದುಡಿಮೆ ಒಂದು ಗೀಚಿಗೆ ಮುಗಿದುಹೋಗಿತ್ತು. ಅವಳು ಗಂಡನ ಮುಖ ನೋಡಿದಳು.

ಅವನು ಹೆಗಲ ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ನಂಗೆ ದೋಣಿ ನಡೆಸೋಕೆ ಬರಲ್ಲ," ಎಂದ.

"ಏನಂದ್ರಿ?"

"ನಾನು ಅಡುಗೆಯವನು. ಯಜಮಾನಿ ಇವಳು. ನಾನು ಹಾಕಿದ್ದು ಸುಳ್ಳು ರುಜು."

ಗುಮಾಸ್ತನ ಮುಖ ಬಿಳಿಚಿತು. "ಸುಳ್ಳು ರುಜು ಅಂದ್ರೆ ಅಪರಾಧ ಸಾರ್. ಸಾಹೇಬ್ರು ಬರೋ ತನಕ ನೀವು ಊರು ಬಿಡೋ ಹಾಗಿಲ್ಲ."

"ಇರ್ತೀನಿ. ಮೊದ್ಲು ಅದನ್ನ ಹೊಡೆದು ಹಾಕಿ."

ಗುಮಾಸ್ತ ಪುಸ್ತಕ ಇಸಿದುಕೊಂಡು ಆ ಪುಟಕ್ಕೆ ಎರಡು ಗೆರೆ ಎಳೆದು 'ರದ್ದು' ಎಂದು ಬರೆದ. ಅವಳ ಹೆಸರು ಬರೆಯಲು ಮಾತ್ರ ಅವನ ಪೆನ್ನು ಏಳಲಿಲ್ಲ. ಅವಳು ಪುಸ್ತಕ ಕಸಿದುಕೊಂಡಳು.

ಗಂಡನೇ ಹಗ್ಗ ಬಿಚ್ಚಿ ಎಸೆದ. "ಹುಷಾರು ಕಣೇ," ಎಂದ. ಅವಳು ಚುಕ್ಕಾಣಿ ತಿರುಗಿಸಿದಳು. ಕಮಾನು ದಾಟಿ ಬಯಲು ನೀರಿಗೆ ಬಂದ ಮೇಲೆ ಕೋಪ ಇಳಿಯಬೇಕಿತ್ತು, ಇನ್ನಷ್ಟು ಏರಿತು. ಗಂಡ ಆಡಿದ್ದು ನಾಲ್ಕೇ ನಾಲ್ಕು ಮಾತು. ಅದನ್ನೇ ಮೊದಲೇ ಕಚೇರಿಯಲ್ಲಿ ಗುಮಾಸ್ತನ ಮೇಜಿನ ಮುಂದೆ ಆಡಿದ್ದರೆ ಇವರಪ್ಪನ ಗಂಟೇನು ಹೋಗುತ್ತಿತ್ತು?