ಹೆಸರಿಲ್ಲದ ಹರಕೆ

ಶಿಡ್ಲಘಟ್ಟದ ಆ ರೇಷ್ಮೆ ಶೆಡ್ಡಿನಲ್ಲಿ ಹನ್ನೊಂದು ವರ್ಷ ಗೂಡು ಬೇಯಿಸಿದ ಮುನಿರತ್ನಮ್ಮ ಅವತ್ತು ಬೆಳಿಗ್ಗೆ ಗೂಡಿನ ಬುಟ್ಟಿಯನ್ನು ಕೆಳಗಿಟ್ಟು, ಬೇರೆ ಯಾವ ಕೆಲಸವಾದರೂ ಕೊಡಿ ಎಂದಳು. ಹಿಂದಿನ ದಿನ ಗೂಡು ತೂತು ಮಾಡಿಕೊಂಡು ಬಂದ ಚಿಟ್ಟೆಯೊಂದು ಅವಳ ಮಣಿಕಟ್ಟಿನ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡಿತ್ತು. ಇನ್ನೂ ಜೀವವಿರುವ ಹುಳವನ್ನು ಕುದಿಯುವ ನೀರಿಗೆ ಹಾಕಲು ಅವಳಿಗೆ ಕೈ ಬರಲಿಲ್ಲ.

ಮಾಲೀಕ ಷರೀಫ್ ಸಾಹೇಬರು ಎದುರಿಗೆ ಬಂದು ನಿಂತರು. ನೀರು ಕೊತಕೊತ ಕುದಿಯುತ್ತಿತ್ತು. ಉಳಿದ ಹೆಂಗಸರ ಕೈಗಳು ನಿಂತುಹೋಗಿದ್ದವು.

"ಹರಕೆನಾ?"

"ಇಲ್ಲ ಸಾಹೇಬ್ರೆ."

"ನಿಮ್ಮದು ಜೈನರ ಮನೇನಾ?"

"ಅಲ್ಲ."

"ಮತ್ತೇನಮ್ಮ? ರಂಜಾನ್‌ನಲ್ಲಿ ರೋಜಾ ಇರೋರನ್ನ ಬೇಗ ಕಳಿಸ್ತೀನಿ. ಓಂ ಶಕ್ತಿ ಮಾಲೆ ಹಾಕಿರೋ ಮಂಗಮ್ಮನ್ನ ಬಿಚ್ಚಿದ ನೂಲಿನ ಲಡಿ ಕಟ್ಟೋಕೆ ಕೂರಿಸಿದೀನಿ. ಅವರಿಗೆ ಧರ್ಮ ಐತೆ. ನಿಂದು ಬರೀ ಮನಸ್ಸು! ಎಲ್ಲರ ಮನಸ್ಸೂ ಕೇಳ್ತಾ ಕೂತ್ರೆ ಶೆಡ್ ಮುಚ್ಚಬೇಕು."

ಬರೀ ಮನಸ್ಸು! ಮುನಿರತ್ನಮ್ಮನಿಗೆ ಮೈಯೆಲ್ಲ ಉರಿಯಿತು. ಮಾಲೆಯನ್ನಾದರೆ ವ್ರತ ಮುಗಿದ ಮೇಲೆ ತೆಗೆದಿಡಬಹುದು. ಇದನ್ನು ತೆಗೆದಿಡುವುದು ಎಲ್ಲಿ?

ಮಂಗಮ್ಮ ಅವಳ ಸೆರಗು ಜಗ್ಗಿ ಪಿಸುಗುಟ್ಟಿದಳು: "ಶಕ್ತಿಯಮ್ಮನಿಗೆ ಹರಕೆ ಹೊತ್ತಿದೀನಿ ಅನ್ನೇ, ಸಾಕು."

ಸಾಹೇಬರಿಗೂ ಅದು ಕೇಳಿಸಿತು. ಅವರ ದನಿ ಮೆತ್ತಗಾಯಿತು. "ಹಂಗಂತ ಹೇಳಮ್ಮ. ನಾಳೆಯಿಂದ ನೀನೂ ಲಡಿ ಕಟ್ಟು. ಇನ್ನೇನೂ ಕೇಳಲ್ಲ ನಾನು."

ಒಂದೇ ಒಂದು ಮಾತು. ಹೇಳಿಬಿಟ್ಟರೆ ಕೆಲಸ ಉಳಿಯುತ್ತದೆ. ಮುನಿರತ್ನಮ್ಮ ಬಾಯಿ ತೆರೆದಳು.

"ಸುಳ್ಳು ಹೇಳೋಕೂ ನನ್ನ ಕೈಲಾಗಲ್ಲ ಸಾಹೇಬ್ರೆ," ಎಂದಳು. "ಹೇಳಬಾರದು ಅಂತಾನೂ ಯಾವ ದೇವರೂ ಬಂದು ನಂಗೆ ಹೇಳಿಕೊಡಲಿಲ್ಲ."